ಸಾರಂಗದ ಬಾಗಿಲಿಗೆ ಬಟ್ಟೆಯ ತೋರಣ

ನನ್ನ ಸೊಸೆ ನನ್ನ ಅಜ್ಜಿಯ ವಾರಿಗೆಯವಳು. ಅವಳ ಬಾಯಲ್ಲಿ ಉಳಿದಿರುವುದು ನಾಲ್ಕೈದು ಹಲ್ಲು. ಅವಳ ಗಂಡನಿಗೆ, ಅಂದರೆ ನನ್ನ ಮಗನಿಗೆ, ಈಗಷ್ಟೇ ಎರಡು ಬಂದಿವೆ. ಇಬ್ಬರ ಹಲ್ಲೂ ಸೇರಿಸಿದರೂ ಒಂದು ತುಂಡು ಒಣಮಾಂಸ ಅಗಿಯಲು ಸಾಲದು.

ನಮ್ಮೂರಲ್ಲಿ ಇದು ನಗುವ ವಿಷಯವೇ ಅಲ್ಲ. ತೀರಿಕೊಂಡವರ ಹೆಸರನ್ನು ಆಮೇಲೆ ಹುಟ್ಟಿದ ಕೂಸಿಗೆ ಇಡುತ್ತೇವೆ. ಹೆಸರಿನ ಬೆನ್ನಿಗೇ ಆ ಮನುಷ್ಯನೂ ಬರುತ್ತಾನೆ, ತನ್ನ ನೆಂಟಸ್ತಿಕೆಯನ್ನೆಲ್ಲ ಕಟ್ಟಿಕೊಂಡು. ಮುದುಕ ತುಲುಗಕ್ ಚಳಿಗಾಲದಲ್ಲಿ ಹೋದ. ಹಿಮ ಕರಗುವ ಮೊದಲೇ ನನ್ನ ಮಗ ಹುಟ್ಟಿದ. ತುಲುಗಕನ ಹೆಂಡತಿ ಪುಟುಗುಕ್ ಬಂದು ಕೂಸಿನ ಹುಬ್ಬು ನೋಡಿದಳು, ಕಿವಿ ತಿರುವಿ ನೋಡಿದಳು, ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು: "ಬಂದ್ರಾ? ಹೇಳದೆ ಕೇಳದೆ ಹೋದೋರು ಈಗ ಬಂದ್ರಾ?"

ಅಂದಿನಿಂದ ಕೂಸು ತುಲುಗಕ್ ಅವಳಿಗೆ ಗಂಡ, ನಾನು ಅವಳಿಗೆ ಅತ್ತೆ. ನಾನು ಮಾತ್ರ ಅವಳನ್ನು ಹಳೆಯ ರೂಢಿಯಂತೆ 'ಆನಾ' ಎಂದೇ ಕರೆಯುತ್ತೇನೆ. ನಮ್ಮ ಮಾತಿನಲ್ಲಿ ಅಜ್ಜಿಗೆ ಹಾಗೆನ್ನುತ್ತಾರೆ. ಅಜ್ಜಿಯನ್ನು ಸೊಸೆ ಮಾಡಿಕೊಂಡ ಮೇಲೆ ಮನೆಯಲ್ಲಿ ನನಗೆ ಬಹಳ ಅನುಕೂಲವಾಯಿತು. ಕೂಸಿನ ಬಟ್ಟೆಯೆಲ್ಲ ಅವಳೇ ಒಗೆಯುತ್ತಾಳೆ. "ನಲವತ್ತು ವರ್ಷ ಒಗ್ದಿದೀನಿ ಅತ್ತೆ, ಈಗ ಅಂಗಿ ಚಿಕ್ಕದಾಗಿದೆ, ಗಲೀಜು ಮಾತ್ರ ಅಷ್ಟೇ ಇದೆ" ಎನ್ನುತ್ತಾಳೆ.

ಒಗೆಯುವುದೆಂದರೆ ಆನಾಗೆ ಹುಚ್ಚು. ಹುಟ್ಟಿದ್ದು ಉತ್ತರದ ಬಯಲಿನಲ್ಲಿ, ಚರ್ಮದ ಗುಡಾರದಲ್ಲಿ. ಅರ್ಧ ಆಯುಸ್ಸು ಸಾರಂಗದ ಹಿಂದೆ ನಡೆದೇ ಕಳೆದವಳು. ಆಗೆಲ್ಲ ಒಗೆಯುವ ಬಟ್ಟೆಯೇ ಇರಲಿಲ್ಲ; ಚರ್ಮವನ್ನು ಹಿಮದಲ್ಲಿ ಕುಟ್ಟಿ ಕೊಡವಿದರೆ ಮುಗಿಯಿತು. ಅಂಚೆಯ ಸಣ್ಣ ವಿಮಾನ ಇಳಿಯತೊಡಗಿ, ಚದುರಿದ್ದ ಮನೆಗಳೆಲ್ಲ ಒಂದೆಡೆ ಸೇರಿ ಅನಾಕ್ತುವುಕ್ ಎಂಬ ಊರಾದ ಮೇಲೆ ಅವಳು ತೋಳದ ಚರ್ಮ ಕೊಟ್ಟು, ಕೈಯಲ್ಲಿ ತಿರುಗಿಸಿ ಬಟ್ಟೆ ಹಿಂಡುವ ಒಂದು ಯಂತ್ರ ತರಿಸಿದಳು. ನಮ್ಮೂರ ಹೆಸರಿನ ಅರ್ಥ ಸಾರಂಗದ ಹಿಕ್ಕೆ ಬಿದ್ದಿರುವ ಜಾಗ ಎಂದು. ಅಂಥ ಊರಿಗೆ ಬಂದು ಅಷ್ಟು ಮಡಿ ಮಾಡಿದವಳು ಅವಳೊಬ್ಬಳೇ.

ಅವಳು ಒಗೆದ ನೀರು ಚೆಲ್ಲುವುದನ್ನೂ ನೋಡಬೇಕು. ನಮ್ಮ ಪರ್ವತಗಳು ಮೂಡಲಿಂದ ಪಡುವಲಿಗೆ ಗೋಡೆ ಎಬ್ಬಿಸಿದ ಹಾಗೆ ನಿಂತಿವೆ. ಗೋಡೆಯಾಚೆ ದಕ್ಷಿಣಕ್ಕೆ ಮರಗಳ ನಾಡು, ಈಚೆ ಉತ್ತರಕ್ಕೆ ಮರವೇ ಇಲ್ಲದ ಬಯಲು, ಬಯಲಿನ ತುದಿಗೆ ಮಂಜಿನ ಕಡಲು. ಗೋಡೆಯಲ್ಲಿ ಬಿಟ್ಟ ಒಂದು ಸಂದು ನಮ್ಮ ಕಣಿವೆ. ಅದು ಎಷ್ಟು ಮಟ್ಟಸವೆಂದರೆ ಬಿದ್ದ ಮಳೆಗೇ ಯಾವ ಕಡೆ ಹೋಗಬೇಕೆಂದು ಗೊತ್ತಾಗದೆ ಸ್ವಲ್ಪ ಹೊತ್ತು ಯೋಚನೆ ಮಾಡುತ್ತದೆ. ಆನಾಳ ಮನೆ ಸರಿಯಾಗಿ, ನೀರು ಎರಡು ಕಡೆಗೆ ಒಡೆಯುವ ಆ ನೆತ್ತಿಯ ಮೇಲಿದೆ. ಸೋಪಿನ ನೀರನ್ನು ಅವಳು ಉತ್ತರಕ್ಕೆ ಚೆಲ್ಲುತ್ತಾಳೆ, ಜಾಲಿಸಿದ ನೀರನ್ನು ದಕ್ಷಿಣಕ್ಕೆ.

"ಅದ್ಯಾಕೆ ಆನಾ?" ಎಂದು ಒಮ್ಮೆ ಕೇಳಿದ್ದೆ.

"ಉತ್ತರದ ಕಡಲ ದಡದಲ್ಲಿ ತಿಮಿಂಗಿಲ ಹೊಡೆಯೋರು ಇದಾರಲ್ಲ, ನಮ್ಮನ್ನ ಗುಡ್ಡದ ಗಲೀಜು ಜನ ಅಂತಾರೆ. ಕುಡೀಲಿ ನನ್ನ ಸೋಪಿನ ನೀರು."

ಪುಟುಗುಕ್ ಎಂದರೆ ಕಾಲಿನ ಹೆಬ್ಬೆರಳು. ಹೆಬ್ಬೆರಳಿನ ಹಾಗೆಯೇ ಗಿಡ್ಡ, ಗಟ್ಟಿ, ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ. ಗಂಡ ಹೋದ ಮೇಲೆ ಅವನ ಬಂದೂಕು, ಜಾರುಬಂಡಿ, ನಾಯಿಗಳ ಜೀನು ಎಲ್ಲವನ್ನೂ ಬೇಕಾದವರಿಗೆ ಕೊಟ್ಟುಬಿಟ್ಟಳು. ಕೊಡದೆ ಉಳಿಸಿಕೊಂಡದ್ದು ಒಂದೇ, ಅವನ ಕೆಂಪಂಗಿ. ಚಳಿಗೆ ಒಳಗೆ ಹಾಕಿಕೊಳ್ಳುವ ಉಣ್ಣೆಯ ಉಡುಪು. ಅಂಗಿಯೂ ಚಡ್ಡಿಯೂ ಒಂದೇ, ಮುಂದೆ ಕೊರಳಿನಿಂದ ಗುಂಡಿ, ಹಿಂದೆ ತುರ್ತಿಗೆಂದು ಒಂದು ಕದ. ಪ್ರತಿ ಸಲದ ಒಗೆತದಲ್ಲೂ ಅದು ನೀರಿಗಿಳಿಯುತ್ತಿತ್ತು. ಯಾರೂ ಹಾಕದ ಅಂಗಿಗೆ ಕೊಳೆ ಎಲ್ಲಿಂದ ಬರಬೇಕು! ಆದರೆ ಆ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಕೇಳಬಾರದ ಪ್ರಶ್ನೆಗಳನ್ನು ಗುರುತಿಸುವುದು ಅತ್ತೆಯ ಕೆಲಸ.

ಹೋದ ವರ್ಷದ ಶರತ್ಕಾಲದಲ್ಲಿ ಸಾರಂಗದ ಹಿಂಡು ನಮ್ಮ ಕಣಿವೆಗೆ ಬರಲಿಲ್ಲ. ಎಲ್ಲಿ ತಿರುಗಿತೋ, ಗೋಡೆಯ ಬೇರೆ ಯಾವ ಸಂದಿನಲ್ಲಿ ನುಸುಳಿತೋ, ಅಂತೂ ಆ ಚಳಿಗಾಲ ಊರಿಗೆ ಊರೇ ವಿಮಾನದಲ್ಲಿ ಬಂದ ಡಬ್ಬಿಯ ಕಾಳು ತಿಂದು ಹೊಟ್ಟೆ ಉಬ್ಬರಿಸಿಕೊಂಡು ಕೂತಿತು. ಹಾಸಲು ಹೊಸ ಚರ್ಮವಿಲ್ಲ, ಹೊಲಿಯಲು ನರದ ದಾರವಿಲ್ಲ. ತುಲುಗಕ್ ಮಲಗಿದ್ದೂ ಆ ಚಳಿಗಾಲದಲ್ಲೇ. ಸಾರು ಸಾರು ಎಂದು ಕೇಳುತ್ತಲೇ ಹೋದ. ಈ ಸಲವೂ ಹಿಂಡು ತಪ್ಪಿದರೆ ಕೆಲವು ಮನೆಗಳು ಊರು ಬಿಡುವುದೆಂದು ಆಗಲೇ ಮಾತಾಗಿತ್ತು. ನನ್ನ ಮಗನಿಗೆ ಚಳಿಗಾಲಕ್ಕೆ ಎಳೆ ಸಾರಂಗದ ಚರ್ಮದ ಒಂದು ಅಂಗಿ ಬೇಕಿತ್ತು. ಮನೆಯಲ್ಲಿದ್ದ ಚರ್ಮ ಕೂದಲುದುರಿ ಬೋಳಾಗಿತ್ತು.

ಹಾಗಾಗಿ ಬೇಸಿಗೆ ಮುಗಿದು ಗುಡ್ಡದ ಗಿಡಗಳು ಕೆಂಪಾದೊಡನೆ ಕಲೂತಕ್ ಊರ ನಡುವೆ ನಿಂತು ಕಟ್ಟಳೆ ಹೇಳಿದ. ಬೇಟೆಯ ವಿಷಯದಲ್ಲಿ ಊರು ಕೇಳುವುದು ಅವನ ಮಾತನ್ನೇ. ಅವನು ಆನಾಳ ಸೋದರತ್ತೆಯ ಮಗ. ಅಂಥ ನೆಂಟರು ಒಬ್ಬರನ್ನೊಬ್ಬರು ಗೇಲಿ ಮಾಡದಿದ್ದರೆ ಜಗಳವಾಗಿದೆ ಎಂದೇ ನಮ್ಮಲ್ಲಿ ಲೆಕ್ಕ.

"ಮೊದಲು ಬರೋ ಮುಂದಾಳುಗಳನ್ನ ಯಾರೂ ಮುಟ್ಟಬಾರದು, ಬೆದರಿಸಬಾರದು. ಅವು ಹಾಯಾಗಿ ದಾಟಿದ್ರೆ ಹಿಂದಿನವು ಅದೇ ದಾರೀಲಿ ಬರ್ತವೆ. ನಾಯಿ ಬಾಯಿ ಕಟ್ಟಿ. ಹೊಗೆ ಬೇಡ. ಊರಲ್ಲಿ ಒಂದು ಚಿಂದೀನೂ ಹಾರಾಡಕೂಡದು. ಕೇಳಿಸ್ತೇನೇ, ಹೆಬ್ಬೆರಳೇ?"

"ನೆನೆಹಾಕಿದೀನಲ್ಲೋ ಬಟ್ಟೇನ!"

"ನೆನೀಲಿ."

"ನಾರುತ್ತೆ."

"ನಾರಲಿ ಬಿಡು. ನಾರೋ ಬಟ್ಟೆ ಹಾಕ್ಕೊಂಡು ಮಾಂಸ ತಿನ್ನೋಣ. ಹೋದ ವರ್ಷ ಮಡಿಬಟ್ಟೆ ಹಾಕ್ಕೊಂಡು ಕಾಳು ತಿಂದಿದ್ದು ಸಾಕು."

"ನಿನಗೇನು, ಹುಟ್ಟಿದಾಗಿಂದ ನಾರ್ತಾನೇ ಇದೀಯ. ಸಾರಂಗ ಬರದೇ ಇದ್ದಿದ್ದು ಅದಕ್ಕೇ ಇರಬೇಕು."

ಎಲ್ಲರೂ ನಕ್ಕರು, ಕಲೂತಕನೂ ನಕ್ಕ. ಹಿಂಡು ಇನ್ನೂ ಉತ್ತರದ ಬಯಲಿನಲ್ಲಿ, ನದಿಯಾಚೆ ಮೇಯುತ್ತಿದೆ ಎಂದು ಅವನೇ ಹೇಳಿದ್ದರಿಂದ ಯಾರಿಗೂ ಅವಸರವಿರಲಿಲ್ಲ.

ಮರುದಿನ ಆನಾ ಎರಡು ನಾಯಿಗಳ ಬೆನ್ನಿಗೆ ಚೀಲ ಹೇರಿಕೊಂಡು ನಮ್ಮ ಬಾಗಿಲಿಗೆ ಬಂದಳು. ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹಣ್ಣು ಕೀಳೋಕೆ ಬರ್ತೀರಾ ಅತ್ತೆ? ನಮ್ಮೆಜಮಾನ್ರನ್ನೂ ಕರ್ಕೊಂಡ್ಬನ್ನಿ."

ಕೂಸನ್ನು ಬೆನ್ನಿನ ಮೇಲೆ ಅಂಗಿಯೊಳಗೆ ಇಳಿಸಿಕೊಂಡು ಹೊರಟೆ. ಊರಿನಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಕಣಿವೆಗೆ ಅಡ್ಡವಾಗಿ ಒಂದು ದಿಬ್ಬವಿದೆ; ಯಾವ ಕಾಲದಲ್ಲೋ ಮಂಜಿನ ನದಿ ತಳ್ಳಿ ತಂದು ಸುರಿದ ಕಲ್ಲುಮಣ್ಣು. ಅದರ ಮೇಲೆ ಸಾಲಾಗಿ ಕಲ್ಲಾಳುಗಳು ನಿಂತಿದ್ದಾರೆ. ಕಲ್ಲಿನ ಮೇಲೆ ಕಲ್ಲು ಪೇರಿಸಿ ಮಾಡಿದ ಆಳೆತ್ತರದ ಮನುಷ್ಯರು. ಸಾರಂಗಗಳು ಅವರನ್ನು ಕಂಡು ಜನ ಎಂದುಕೊಂಡು ದೂರ ಸರಿಯುತ್ತವೆ, ಸಾಲಿನ ನಡುವೆ ಬಿಟ್ಟ ಬಾಗಿಲಿನಲ್ಲಿ ತೂರಿ ನಮ್ಮ ಕಣಿವೆಗೆ ಇಳಿಯುತ್ತವೆ. ಬಾಗಿಲಿನ ಎರಡು ಕಡೆಯ ದೊಡ್ಡ ಕಲ್ಲಾಳುಗಳನ್ನು ನಿಲ್ಲಿಸಿದವನು ಮುದುಕ ತುಲುಗಕನೇ. ಬಾಗಿಲಿಗೆ ಮೊದಲೇ, ಪಡುವಲಿಗೆ ಇನ್ನೊಂದು ಕಣಿವೆ ಬಾಯಿ ತೆರೆದಿದೆ. ಅದನ್ನು ಹಿಡಿದರೆ ಹಿಂಡು ನಮಗೆ ಸಿಗುವುದಿಲ್ಲ.

ದಿಬ್ಬ ಹತ್ತಿ ಆನಾ ಚೀಲ ಬಿಚ್ಚಿ ಹಗ್ಗ ತೆಗೆದಳು.

"ಆನಾ! ಬಟ್ಟೆ ಹಾರಾಡಬಾರದು ಅಂದಿಲ್ವಾ?"

"ಊರಲ್ಲಿ ಅಂದ. ಇದು ಊರಾ?"

ಹಗ್ಗ ಕಟ್ಟಲು ಎರಡು ಕಂಬ ಬೇಕಲ್ಲ. ನಮ್ಮ ನಾಡಿನಲ್ಲಿ ಮರವಿಲ್ಲ. ಹೊಳೆಬದಿಯ ಗಿಡಗಳು ಸೊಂಟದೆತ್ತರ, ಉಣ್ಣೆ ಹಾಕಿದರೆ ಕಚ್ಚಿ ಹರಿಯುತ್ತವೆ. ಒಂದು ಹಗ್ಗದ ಅಳತೆಗೆ ಸರಿಯಾಗಿ ಎದುರುಬದುರು ನಿಂತಿದ್ದವರು ಆ ಇಬ್ಬರು ಕಲ್ಲಾಳುಗಳೇ. ಒಬ್ಬನ ಕೊರಳಿಗೆ ಒಂದು ತುದಿ, ಇನ್ನೊಬ್ಬನ ಕೊರಳಿಗೆ ಇನ್ನೊಂದು ತುದಿ. "ನೀವು ಕಟ್ಟಿದ್ದು ಗಟ್ಟಿಯಾಗೇ ಇದೆ ಕಣ್ರೀ" ಎಂದು ನನ್ನ ಬೆನ್ನಿನ ಕಡೆ ನೋಡಿ ಗಂಡನನ್ನು ಹೊಗಳಿದಳು. ಕೂಸಿನ ಬಟ್ಟೆ, ತನ್ನ ಲಂಗಗಳು, ನಟ್ಟನಡುವೆ ಕೆಂಪಂಗಿ. ಗಾಳಿ ಬೀಸಿದ್ದೇ ಕೆಂಪಂಗಿ ಉಬ್ಬಿ, ತಲೆಯಿಲ್ಲದ ಕುಡುಕನಂತೆ ಕೈಕಾಲು ಆಡಿಸತೊಡಗಿತು. ಹಿಂದಿನ ಕದ ಪಟಪಟ ಬಡಿಯಿತು.

ಸಾರಂಗದ ಬಾಗಿಲಿಗೆ ತೋರಣ ಕಟ್ಟಿದ ಹಾಗಾಯಿತಲ್ಲ ಎಂದು ನನಗೆ ಅನಿಸುವುದಕ್ಕೂ, ಹಣ್ಣಿನ ಡಬ್ಬಿಯಿಂದ ತಲೆಯೆತ್ತುವುದಕ್ಕೂ ಸರಿಹೋಯಿತು. ಬಯಲಿನ ಅಂಚಿನಲ್ಲಿ ಒಂದು ಕಂದು ಗೆರೆ ಸರಿಯುತ್ತಿತ್ತು.

"ಆನಾ."

"ಏನು ಅತ್ತೆ?"

"ಅಲ್ಲಿ."

ನದಿಯಾಚೆ ಇವೆ ಎಂದಿದ್ದ ಸಾರಂಗಗಳಿಗೆ ಕಲೂತಕ್ ಹೇಳಿದ್ದು ಕೇಳಿಸಿರಲಿಲ್ಲ. ಮುಂದೆ ಒಂದು ಮುದಿ ಹೆಣ್ಣು (ನಮ್ಮ ಸಾರಂಗಗಳಲ್ಲಿ ಹೆಣ್ಣಿಗೂ ಕೊಂಬಿರುತ್ತದೆ), ಅದರ ಹಿಂದೆ ಚಿಕ್ಕ ಗುಂಪು. ಬಲು ನಿಧಾನವಾಗಿ, ಮೇಯುತ್ತ, ನೇರ ಬಾಗಿಲಿಗೇ ಬರುತ್ತಿದ್ದವು. ನಾವು ಬಂಡೆಯ ಹಿಂದೆ ನೆಲಕ್ಕೆ ಅಂಟಿಕೊಂಡೆವು. ಈಗ ಎದ್ದು ಹಗ್ಗ ಬಿಚ್ಚಿದರೆ ಮುಂದಾಳು ಬೆದರುತ್ತದೆ, ಬಿಚ್ಚದಿದ್ದರೂ ಬೆದರುತ್ತದೆ. ಆನಾ ನೆಲಕ್ಕೆ ಮುಖ ಹಚ್ಚಿ ಪಿಸುಗುಟ್ಟಿದಳು: "ರೀ, ನಿಮ್ಮ ಅಂಗಿಗೆ ಸ್ವಲ್ಪ ಸುಮ್ನಿರೋಕೆ ಹೇಳ್ರೀ." ಅವಳ ಗಂಡ ನನ್ನ ಜಡೆ ಚೀಪುತ್ತಿದ್ದ.

ಮುದಿ ಹೆಣ್ಣು ನಿಂತಿತು. ಮೂತಿಯೆತ್ತಿ ಕೆಂಪಂಗಿಯನ್ನು ನೋಡಿತು. ಕೆಂಪಂಗಿ ಅದಕ್ಕೆ ಎರಡೂ ಕೈ ಬೀಸಿತು. ಅಷ್ಟೇ, ಮುದಿ ಹೆಣ್ಣು ಬಲಕ್ಕೆ ತಿರುಗಿ, ಓಡದೆ, ಮಾನವಂತ ಹೆಂಗಸು ಕುಡುಕನನ್ನು ಕಂಡು ರಸ್ತೆ ಬದಲಾಯಿಸಿದ ಹಾಗೆ, ಪಡುವಣ ಕಣಿವೆಯ ದಾರಿ ಹಿಡಿಯಿತು. ಗುಂಪು ಅದರ ಹಿಂದೆ. ಬಯಲ ತುಂಬ ಬರುತ್ತಿದ್ದ ಹಿಂಡು ಆ ಗುಂಪಿನ ಹಿಂದೆ.

ಬಟ್ಟೆ ಬಿಚ್ಚಿಕೊಂಡು ಹಿಂತಿರುಗುವಾಗ, ಎದುರು ಗುಡ್ಡದಿಂದ ದುರ್ಬೀನಿನಲ್ಲಿ ಎಲ್ಲವನ್ನೂ ನೋಡಿದ್ದ ಕಲೂತಕ್ ಅಡ್ಡಬಂದ.

"ಮೇಲಿಂದ ನೋಡಿದೆ. ನಮ್ಮ ಭಾವ ಎದ್ದು ಬಂದು ಬಾಗಿಲಲ್ಲಿ ಕುಣೀತಿದಾನೆ ಅಂದ್ಕೊಂಡೆ."

ಆನಾ ತಿರುಗಿ ಬೈಯಲಿಲ್ಲ. ಅದನ್ನು ಕಂಡು ಕಲೂತಕನಿಗೇ ಗಾಬರಿಯಾಯಿತು.

"ಏ ಹೆಬ್ಬೆರಳೇ, ಏನಾದ್ರೂ ಅನ್ನೇ. ಬೈಯೇ ನನ್ನ."

"ಹೋದ ವರ್ಷ ಒಂದು ಲೋಟ ಸಾರು ಕೇಳಿದ್ರು" ಎಂದಳು ಆನಾ. "ಈ ವರ್ಷ ಅದನ್ನ ನಾನೇ ತಪ್ಪಿಸಿದೆ." ನನ್ನ ಬೆನ್ನಿನ ಮೇಲಿದ್ದ ಕೂಸಿನ ಕಾಲನ್ನು ಅಂಗಿಯ ಮೇಲಿಂದಲೇ ಹಿಡಿದುಕೊಂಡಳು. ಆಮೇಲೆ ತಲೆಯೆತ್ತಿ ಪಡುವಣ ಬೆಟ್ಟವನ್ನು ನೋಡಿದಳು. "ಕಲೂತಕ್, ಆ ಕಣಿವೆಯಿಂದ ನಮ್ಮೂರಿಗೆ ಒಂದು ಹಿತ್ತಿಲಬಾಗಿಲು ಇಲ್ವಾ?"

ಇತ್ತು. ಊರಿನ ಪಡುವಣ ಮಗ್ಗುಲಲ್ಲಿ ಬೆಟ್ಟದ ಸಾಲು ಒಂದೆಡೆ ತಗ್ಗಿ ಜೀನಿನಂತೆ ಬಾಗಿದೆ. ಅದರಾಚೆ ಇಳಿದರೆ ಪಡುವಣ ಕಣಿವೆಯ ನಡುಭಾಗ.

"ಇದೆ. ಆದ್ರೆ ಅವು ಯಾಕೆ ಆ ಏರು ಹತ್ತುತವೆ? ಮುಂದೆ ಬಯಲುದಾರಿ ಇರೋವಾಗ?"

"ಮುಂದಿನ ದಾರಿ ಮುಚ್ಚಿದ್ರೆ ಹತ್ತುತವೆ. ಒಂದು ಅಂಗಿ ಒಂದು ಬಾಗಿಲು ಮುಚ್ಚಲಿಲ್ವಾ? ಊರಿನ ಬಟ್ಟೆಯೆಲ್ಲ ಸೇರಿದ್ರೆ ಒಂದು ಕಣಿವೆ ಮುಚ್ಚಲ್ವಾ?"

ಕಲೂತಕ್ ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿ ಬೆಟ್ಟ ನೋಡಿದ. ಆಮೇಲೆ ಊರಿಗೆ ಓಡಿದ.

ಅವತ್ತು ನಮ್ಮೂರಿನಲ್ಲಿ ಯಾವ ಮನೆಯಲ್ಲೂ ಒಂದು ಚಿಂದಿ ಉಳಿಯಲಿಲ್ಲ. ಹಾಸಿಗೆ, ಕಿಟಕಿಯ ಪರದೆ, ಹಿಟ್ಟಿನ ಚೀಲ. ಒಗೆಯದ ಬಟ್ಟೆ ಕೊಡಲು ಕೆಲವರು ನಾಚಿದಾಗ ಆನಾ ಗದರಿದಳು: "ಕೊಡ್ರೇ! ಸಾರಂಗ ಏನು ಮೂಸಿ ನೋಡಿ ಹೆಣ್ಣು ಕೇಳೋಕೆ ಬರ್ತವಾ?" ನಾನು ಕೂಸಿನ ಹೊದಿಕೆ ಕೊಟ್ಟು, ಅವನನ್ನು ಮೈಶಾಖಕ್ಕೆ ಒತ್ತಿಕೊಂಡೆ. ನಾಯಿಗಳ ಮೇಲೆ ಹೇರಿ ಏರು ಹತ್ತಿ ಇಳಿದೆವು. ಸಾರಂಗಗಳು ಮೇಯುತ್ತ ಬರುತ್ತವಾದ್ದರಿಂದ ನಾವೇ ಮೊದಲು ಮುಟ್ಟಿದೆವು. ತಗ್ಗಿನ ಬುಡಕ್ಕೆ ಸ್ವಲ್ಪ ಮುಂದೆ, ಕಣಿವೆಯ ಈ ಗೋಡೆಯಿಂದ ಆ ಗೋಡೆಯ ತನಕ, ಅವಸರಕ್ಕೆ ಕಲ್ಲು ಪೇರಿಸಿ ಹಗ್ಗ ಎಳೆದು ಬಟ್ಟೆ ಹಾಕಿದೆವು. ಕೊನೆಯಲ್ಲಿ ಒಂದಷ್ಟು ಜಾಗ ಬರಿದಾಗಿ ಉಳಿಯಿತು. ಎಲ್ಲರೂ ಕಲೂತಕನ ಕಡೆ ನೋಡಿದರು.

"ಏನು?" ಎಂದ ಅವನು.

"ನಿನ್ನ ಪ್ಯಾಂಟು" ಎಂದಳು ಆನಾ.

"ಚಳಿ ಕಣೇ!"

"ಕಾಳು ತಿನ್ನೋಕಿಂತ ಮೇಲು."

ಕಲೂತಕ್ ಬಂಡೆಯ ಹಿಂದೆ ಹೋಗಿ ಪ್ಯಾಂಟನ್ನು ಎಸೆದ. ತಗ್ಗಿಗೆ ಹತ್ತಿರದ ತುದಿಯಲ್ಲಿ ಆನಾ ಕೆಂಪಂಗಿ ಕಟ್ಟಿದಳು. ಎಲ್ಲರೂ ಬಂಡೆಗಳ ಹಿಂದೆ ಅಡಗಿ ಕೂತೆವು. ಆಗ ಗಾಳಿ ನಿಂತಿತು.

ಅಂಥ ದಿನ ಗಾಳಿ ನಿಂತದ್ದು! ನಮ್ಮ ಕಣಿವೆಗಳಲ್ಲಿ ಗಾಳಿ ಇಲ್ಲದ ಹೊತ್ತು ಹುಡುಕಿದರೂ ಸಿಗುವುದಿಲ್ಲ. ಬಟ್ಟೆಯೆಲ್ಲ ಜೋತುಬಿದ್ದು ಬರೀ ಬಟ್ಟೆಯಾಯಿತು. ಕೆಳಗಡೆ ಮುದಿ ಹೆಣ್ಣು ಕಾಣಿಸಿತು. ಹತ್ತಿರ ಬಂತು. ಕಲೂತಕನ ಪ್ಯಾಂಟನ್ನು ದಿಟ್ಟಿಸಿತು, ಅದರಲ್ಲಿ ಭಯಪಡುವಂಥದ್ದು ಏನೂ ಕಾಣದೆ ಇನ್ನೊಂದು ಹೆಜ್ಜೆ ಇಟ್ಟಿತು.

"ಎದ್ದು ಕೂಗೋಣ" ಎಂದು ಯಾರೋ ಪಿಸುಗುಟ್ಟಿದರು.

"ಕೂಗಿದ್ರೆ ಬಂದ ದಾರೀಲಿ ಬಯಲಿಗೇ ಓಡ್ತವೆ" ಎಂದು ಆನಾ ತಡೆದಳು. ಅವಳ ಕಣ್ಣು ಸಾರಂಗದ ಮೇಲಿರಲಿಲ್ಲ, ಬೆಟ್ಟದ ನೆರಳಿನ ಮೇಲಿತ್ತು. ಹೊತ್ತು ಇಳಿದಂತೆ ನೆರಳು ಎದುರು ಗೋಡೆಯನ್ನು ಹತ್ತುತ್ತಿತ್ತು. "ಹಗಲೆಲ್ಲ ಬೆಟ್ಟ ಉಸಿರೆಳೆದುಕೊಳ್ಳುತ್ತೆ, ಬಿಸಿಲು ಹೋದ ಮೇಲೆ ಬಿಡುತ್ತೆ ಅಂತ ನಮ್ಮೆಜಮಾನ್ರು ಹೇಳೋರು. ತಡೀರಿ."

ಬಿಸಿಲು ಕೊನೆಯ ಶಿಖರ ಬಿಟ್ಟಿತು. ಮೊದಲು ನನ್ನ ಕೊರಳಿಗೆ ತಣ್ಣಗೆ ತಾಗಿತು. ಆಮೇಲೆ ಮೇಲಿನ ಹಿಮದಿಂದ ತಂಗಾಳಿ ನೀರಿಳಿದ ಹಾಗೆ ಇಳಿಯಿತು. ಲಂಗಗಳು ತುಂಬಿಕೊಂಡವು. ಪರದೆಗಳು ಪಟಪಟ ಎಂದವು. ಕಲೂತಕನ ಪ್ಯಾಂಟು ಒದೆಯತೊಡಗಿತು. ಮುದಿ ಹೆಣ್ಣು ಬೆಚ್ಚಿ ಎಡಕ್ಕೆ ಹಾರಿತು, ಸರಿಯಾಗಿ ತಗ್ಗಿನ ಕಡೆಗೇ. ಅಲ್ಲಿ ಕೆಂಪಂಗಿ ಎರಡೂ ಕೈ ಚಾಚಿ ಎದ್ದು ನಿಂತಿತ್ತು. ಸಾರಂಗ ತಲೆ ತಗ್ಗಿಸಿ ನುಗ್ಗಿದಾಗ ಕೆಂಪಂಗಿ ಅದರ ಕೊಂಬಿಗೆ ಸಿಕ್ಕಿ, ಹಗ್ಗ ಕಿತ್ತುಕೊಂಡು, ಅದರ ಜೊತೆಗೇ ಏರು ಹತ್ತಿತು.

ಅಂಥ ಓಟವನ್ನು ನಾನು ನೋಡಿಲ್ಲ. ಪಾಪದ ಪ್ರಾಣಿ ಓಡುತ್ತಿದ್ದುದು ಕೆಂಪಂಗಿಯಿಂದ ತಪ್ಪಿಸಿಕೊಳ್ಳಲು. ಕೆಂಪಂಗಿಯೋ ಅದರ ತಲೆಯ ಮೇಲೇ ಇತ್ತು. ಹಿಂದಿನವುಗಳಿಗೆ ಕಾರಣ ಬೇಕಿರಲಿಲ್ಲ. ಮುಂದಾಳು ಓಡಿದ ಕಡೆ ಹಿಂಡು ಹರಿಯಿತು.

ಹಿಂಡಿಗೆ ಅಡ್ಡಬರದಂತೆ ಪಕ್ಕದ ಕಲ್ಲುಗಳ ಮೇಲೆ ಹತ್ತಿ ನಾವು ಮೇಲಿಂದ ಇಣುಕಿದೆವು. ಕೆಳಗೆ ಮನೆಗಳ ನಡುವೆ ಒಂದು ಕೆಂಪು ಚುಕ್ಕೆ ದಕ್ಷಿಣಕ್ಕೆ, ಮರಗಳ ನಾಡಿನ ಕಡೆಗೆ ಓಡುತ್ತಿತ್ತು. ಕದ ಪಟಪಟ ಬಡಿಯುವುದು ಅಲ್ಲಿಗೂ ಕೇಳಿದಂತಾಯಿತು. ಕಲೂತಕ್ ಪ್ಯಾಂಟಿಲ್ಲದ ಕಾಲಲ್ಲಿ ನಡುಗುತ್ತಲೇ ಬಂದೂಕು ಎತ್ತಿದ. ಗೇಲಿಯ ದನಿಯಿರಲಿಲ್ಲ.

"ಪುಟುಗುಕ್, ಭಾವನ ಅಂಗಿ ಕಣೇ. ಗುರಿ ಸಿಗುತ್ತೆ. ಬೇಕಾ?"

ಕಟ್ಟಳೆ ಹೇಳಿದವನೇ ಅವಳಿಗಾಗಿ ಕಟ್ಟಳೆ ಮುರಿಯಲು ನಿಂತಿದ್ದ. ಆನಾ ಚುಕ್ಕೆಯನ್ನೇ ನೋಡುತ್ತಿದ್ದಳು.

"ಮುಂದಾಳನ್ನ ಹೊಡೀಬಾರದು" ಎಂದಳು ಕೊನೆಗೆ. ಅವನ ಬಂದೂಕನ್ನು ಕೈಯಿಂದ ಕೆಳಗೆ ಮಾಡಿದಳು. "ಹೋಗ್ಲಿ ಬಿಡು. ಅವರು ಯಾವತ್ತೂ ಹೇಳಿ ಹೋದೋರಲ್ಲ." ಆಮೇಲೆ ಅವನ ಕಾಲಿನ ಕಡೆ ನೋಡಿ, "ಮೊದಲು ಪ್ಯಾಂಟು ಹಾಕ್ಕೊಳೋ. ಹಿಂಡು ಇನ್ನೂ ದಾಟ್ತಾ ಇದೆ, ಇದನ್ನ ನೋಡಿದ್ರೆ ವಾಪಸ್ ಓಡ್ತವೆ" ಎಂದಳು.

ಮುಂದಾಳುಗಳು ದಾಟಿದ ಮೇಲೆ ಬೇಟೆ ನಡೆಯಿತು. ಮಾಂಸ ಒಣಗಿಸುವ ಚಪ್ಪರಗಳು ಭಾರಕ್ಕೆ ಬಾಗಿದವು. ಮೊದಲ ಸಾರಿನಲ್ಲಿ ಆನಾ ಬೆರಳದ್ದಿ ನನ್ನ ಮಗನ ಬಾಯಿಗಿಟ್ಟಳು. "ಕುಡೀರಿ. ತಡ ಆಯ್ತು, ಬೇಜಾರು ಮಾಡ್ಕೋಬೇಡಿ." ಅವನು ಬೆರಳನ್ನು ಎರಡು ಹಲ್ಲಿನಲ್ಲಿ ಕಚ್ಚಿದ. "ನೋಡಿ ಅತ್ತೆ ನಿಮ್ಮ ಮಗ!" ಎಂದು ಅವಳು ಕೂಗಿಕೊಂಡಳು. ಎಳೆಚರ್ಮದಲ್ಲಿ ಅವನಿಗೆ ಅಂಗಿ ಹೊಲಿದುಕೊಟ್ಟಿದ್ದಾಳೆ. ಹಿಂದೆ ಒಂದು ಕದವನ್ನೂ ಇಟ್ಟಿದ್ದಾಳೆ.

ಹಿಮ ಬಿದ್ದು ದಾರಿ ಗಟ್ಟಿಯಾದೊಡನೆ ಕಲೂತಕ್ ನಾಯಿಗಾಡಿ ಕಟ್ಟಿಕೊಂಡು ದಕ್ಷಿಣದ ಮರಗಳ ತನಕ ಹೋಗಿ ಎರಡು ಉದ್ದನೆಯ ಕಂಬ ತಂದ. ಆನಾಳ ಮನೆಯ ಮುಂದೆ, ನೆತ್ತಿಯ ಮೇಲೇ, ನೆಟ್ಟ. "ಇವುಗಳ ಆಚೆ ಒಂದು ಕರವಸ್ತ್ರ ಒಣಗಿಸಿದ್ರೂ ನೋಡು" ಎಂದು ಬೆದರಿಸಿ ಹೋದ.

ಆನಾ ಈಗಲೂ ಒಗೆಯುತ್ತಾಳೆ. ಬದಲಾಗಿರುವುದು ಒಂದೇ. ಈಗ ಎರಡು ಬಕೆಟ್ಟನ್ನೂ ದಕ್ಷಿಣದ ಇಳಿಜಾರಿಗೇ ಚೆಲ್ಲುತ್ತಾಳೆ.

"ಉತ್ತರದೋರ ಮೇಲೆ ಸಿಟ್ಟು ಹೋಯ್ತಾ ಆನಾ?"

"ಅವರು ಹಾಳಾಗ್ಲಿ" ಎಂದಳು, ಬಕೆಟ್ಟಿನ ತಳ ಬಡಿದು ಕೊನೆಯ ನೊರೆಯನ್ನೂ ಚೆಲ್ಲುತ್ತ. "ಆ ಅಂಗಿ ಅಲ್ಲೆಲ್ಲೋ ಕಾಡಲ್ಲಿ ಎಷ್ಟು ಕೊಳೆ ಆಗಿರುತ್ತೋ ಏನೋ. ಸೋಪಿನ ನೀರು ಆ ಕಡೆಗೇ ಹೋಗ್ಲಿ ಬಿಡಿ ಅತ್ತೆ."